ಡಾಕ್ಟರಿಗೆ ತೋರಿಸದ ನಿನ್ನ ರಿಪೋರ್ಟು

೧೯೮೬ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು, ಗಿರಿಜಾ — ಅದನ್ನು ನಿನ್ನಿಂದ ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟದ್ದು ಇದು: ನಾಲ್ಕು ವರ್ಷದ ಹಿಂದೆ ನಿನ್ನ ರಕ್ತದ ರಿಪೋರ್ಟನ್ನು ನಾನು ಡಾಕ್ಟರಿಗೆ ತೋರಿಸಲೇ ಇಲ್ಲ.

ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ ಎಂದು ನೀನು ಹೇಳಿದ್ದಕ್ಕೇ ಮಾಡಿಸಿದ ಪರೀಕ್ಷೆ ಅದು. ಯಲಹಂಕದ ಕ್ಲಿನಿಕ್ಕಿನವರೆಗೆ ಹೋದೆ. ನನ್ನ ಮುಂದಿದ್ದವರು ಇಂಗ್ಲಿಷಿನಲ್ಲೇ ಡಾಕ್ಟರನ್ನು ಕೇಳುತ್ತಿದ್ದರು. ಗ್ರೀಸ್ ಮೆತ್ತಿದ ಅಂಗಿಯಲ್ಲಿ ಕೂತಿದ್ದ ನನಗೆ — ಏನೋ ಒಂದು ನಾಚಿಕೆ. ರಿಪೇರಿಗೆ ಬಂದ ಮೋಟಾರುಗಳ ಮೇಲಿನ ತಗಡಿನ ಪಟ್ಟಿ ನೋಡಿ ಇಂಗ್ಲಿಷ್ ಅಕ್ಷರ ಕಲಿತವನು, ಇದನ್ನೂ ನಾನೇ ಓದಬಲ್ಲೆ ಅನ್ನಿಸಿತು. ಎಚ್‌ಡಿಎಲ್ ಎಂದರೆ ಒಳ್ಳೆಯ ಕೊಲೆಸ್ಟ್ರಾಲ್, ಜಾಸ್ತಿ ಇದ್ದಷ್ಟೂ ಹೃದಯಕ್ಕೆ ಭದ್ರ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರ ಬಾಯಲ್ಲಿ ಕೇಳಿದ್ದೆ. ನಿನ್ನದು ಜಾಸ್ತಿಯೇ ಇತ್ತು. ಎದ್ದು ಬಂದುಬಿಟ್ಟೆ.

"ಏನಂದ್ರು ರೀ ಡಾಕ್ಟ್ರು?"

"ಏನೂ ಇಲ್ವಂತೆ ಕಣೇ, ಗ್ಯಾಸು. ಒಳ್ಳೆ ಕೊಲೆಸ್ಟ್ರಾಲ್ ಭರ್ತಿ ಇದೆಯಂತೆ."

"ನೋಡಿದ್ರಾ, ನನ್ನಲ್ಲೂ ಒಂದು ಒಳ್ಳೇದಿದೆ. ಅದನ್ನ ಡಾಕ್ಟ್ರೇ ಹೇಳ್ಬೇಕಾಯ್ತು ನಿಮ್ಗೆ!"

ಆಗ ನೀನು ನಕ್ಕ ಆ ನಗು —

ವೈಂಡಿಂಗ್ ಮಾಡಿದ ಮೋಟಾರನ್ನು, ಮೀಟರ್ ಸರಿ ತೋರಿಸಿತು ಎಂದಷ್ಟಕ್ಕೇ ನಾನು ಯಾವತ್ತೂ ಗಿರಾಕಿಗೆ ಕೊಟ್ಟವನಲ್ಲ. ಪಂಪಿಗೆ ಜೋಡಿಸಿ, ನೀರೆಳೆಸಿ, ಬಿಸಿಯಾಗುತ್ತದೆಯೇ ಎಂದು ಕೈಯಿಟ್ಟು ನೋಡಿಯೇ ಕೊಡುವುದು. ಮೆಟ್ಟಿಲ ಮೇಲೆ ಎದೆ ಹಿಡಿದು ನಿಲ್ಲುತ್ತಿದ್ದ ನಿನ್ನ ವಿಷಯದಲ್ಲಿ ಮಾತ್ರ ಒಂದು ಅಂಕಿ ನೋಡಿ ಸುಮ್ಮನಾದೆ.

ಆರು ತಿಂಗಳಿಗೆ ನೀನು ಅಡುಗೆಮನೆಯಲ್ಲಿ ಕುಸಿದೆ. ಸ್ಟೆಂಟ್ ಹಾಕಿದ ಡಾಕ್ಟರು ಹಳೆಯ ರಿಪೋರ್ಟ್ ನೋಡಿ ಅಂದರು: "ಎಚ್‌ಡಿಎಲ್ ಕಡಿಮೆ ಇದ್ದೋರಿಗೆ ಅಪಾಯ ಜಾಸ್ತಿ, ನಿಜ. ಹಾಗಂತ ಜಾಸ್ತಿ ಇದ್ರೆ ಹೃದಯದ ರಕ್ತನಾಳ ಕಟ್ಕೊಳ್ಳೋದೇ ಇಲ್ಲ ಅಂತಲ್ಲ. ಇವರ ಕೆಟ್ಟ ಕೊಲೆಸ್ಟ್ರಾಲೂ ಜಾಸ್ತಿ ಇತ್ತಲ್ಲ, ಯಾರೂ ನೋಡ್ಲಿಲ್ವಾ?"

ನಿನಗೆ ಆಗಲೂ ಹೇಳಲಿಲ್ಲ.

ಈಗ ನೀನು ಮಾತ್ರೆ ಬಿಟ್ಟು ಕೂತಿದ್ದೀಯ. "ಅವತ್ತು ಏನೂ ಇಲ್ಲ ಅಂದೋರೂ ಡಾಕ್ಟ್ರೇ ತಾನೆ? ಇವ್ರ ಮಾತು ಯಾಕ್ರೀ ನಂಬ್ಲಿ?" ಎನ್ನುತ್ತೀಯ. ಹಾಗೆ ಅಂದವರು ಯಾವ ಡಾಕ್ಟರೂ ಅಲ್ಲ, ಗಿರಿಜಾ. ನಾನು. ನನ್ನನ್ನು ನಂಬಬೇಡ — ಮಾತ್ರೆ ನುಂಗು. ನಾಳೆ ನಿನ್ನ ಡಾಕ್ಟರ ಎದುರು, ನಿನ್ನ ಪಕ್ಕದಲ್ಲೇ ಕೂತು, ನನಗೆ ಗೊತ್ತಿಲ್ಲದ್ದನ್ನೆಲ್ಲ ಬಾಯಿಬಿಟ್ಟು ಕೇಳುತ್ತೇನೆ.

ಇಷ್ಟು ವರ್ಷ ದುಡಿದು ಈಗ ನನಗಿರುವುದು: ಇಲ್ಲೇ ಯಲಹಂಕದ ಪಕ್ಕದ ಸಿಂಗಾಪುರದಲ್ಲಿ ಮನೆ ಒಂದು, ಅಂಗಡಿ ಒಂದು, ನೀನು ಒಬ್ಬಳು.