ಮೊದಲು ಹೊರಟವಳು

ಹಾಸನದ ನಮ್ಮ ಪತ್ರಿಕೆಯ ಕಚೇರಿಯಿಂದ ಬಂದ ಸೂಚನೆ ಸರಳವಾಗಿತ್ತು: ಹುಡುಗಿ ಗೆದ್ದರೆ ಮನೆಯವರ ಸಂತೋಷ ಬರೆಯಬೇಕು, ಸೋತರೆ ಏನೂ ಬೇಡ. ನಾನು ಸಾಮಾನ್ಯವಾಗಿ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಬರೆಯುವವನು. ಕ್ರೀಡಾ ವರದಿಗಾರ ರಜೆಯಲ್ಲಿದ್ದ.

ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದ ಹಳ್ಳಿ ಅವಳದು. ಅದೇ ರಸ್ತೆಯಲ್ಲಿ ಹಾಲಿನ ವ್ಯಾನುಗಳನ್ನು ಅಟ್ಟಿಸಿಕೊಂಡು ಹೋಗಿ ಸೈಕಲ್ ಕಲಿತವಳು, ಆ ಸಂಜೆ ವಿದೇಶದಲ್ಲಿ ನಡೆಯುವ ಅಂತರರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನ ಕಿರಿಯರ ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿಸುವವಳಿದ್ದಳು. ತರಬೇತುದಾರರು ಅವಳ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ಪದಕದ ಮಾತು ಬೇಡ, ಪಟ್ಟಿಯ ಮೇಲಿನ ಅರ್ಧದಲ್ಲಿ ಬಂದರೆ ತರಬೇತಿ ಶಿಬಿರದಲ್ಲಿ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಸೀದಾ ಊರಿಗೆ. ಅಪ್ಪ ಈ ಮಾತನ್ನು ಹೆಂಡತಿಗೂ ನನಗೂ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಊರೆಲ್ಲ ಚಿನ್ನದ ಬಗ್ಗೆ ಮಾತಾಡುವಾಗ ಅರ್ಧದ ಸುದ್ದಿ ಎತ್ತುವುದು ಅವರಿಗೆ ಸರಿ ಕಂಡಿರಲಿಲ್ಲ.

ಹಾಲಿನ ಡೇರಿಯ ಬಿಳಿ ಗೋಡೆಯ ಮೇಲೆ ಶಾಲೆಯ ಪ್ರೊಜೆಕ್ಟರ್‌ನಿಂದ ಸ್ಪರ್ಧೆಯ ನೇರಪ್ರಸಾರ ಬಿಟ್ಟಿದ್ದರು. ಸಂಜೆ ಹಾಲು ಹಾಕುವ ಹೊತ್ತು. ಊರಿನವರು ಕೈಯಲ್ಲಿ ಕ್ಯಾನು ಹಿಡಿದು ನಿಂತೇ ನೋಡುತ್ತಿದ್ದರು. ಖಾಲಿ ರಸ್ತೆಯಲ್ಲಿ ಹುಡುಗಿ ಒಬ್ಬಳೇ ಹೋಗುತ್ತಿದ್ದಳು.

“ನೋಡ್ರಲಾ, ಇಂದೆ ಒಬ್ರೂ ಕಾಣ್ತಿಲ್ಲ!” ಎಂದರು ಗ್ರಾಮ ಪಂಚಾಯಿತಿ ಸದಸ್ಯರು. “ಎಲ್ರುನ್ನೂ ಬುಟ್ಟು ಓಗ್ಬುಟ್ಟವ್ಳೆ ಕಣ್ರಲಾ!”

ಟೈಮ್ ಟ್ರಯಲ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, ಒಬ್ಬರಾದ ಮೇಲೆ ಒಬ್ಬರನ್ನು ಬಿಡುತ್ತಾರೆ, ಹೆಸರು ಮಾಡದವರನ್ನು ಮೊದಲು ಬಿಡುತ್ತಾರೆ, ಕೊನೆಗೆ ಯಾರಿಗೆ ಕಡಿಮೆ ಸಮಯ ಹಿಡಿಯಿತೋ ಅವರು ಗೆದ್ದ ಹಾಗೆ ಎಂದು ನಾನು ವಿವರಿಸಿದೆ. ಯಾರ ಮುಖದಲ್ಲೂ ಬದಲಾವಣೆ ಕಾಣಲಿಲ್ಲ. ಕೊನೆಗೆ ಕೇಳಿದೆ: “ಡೇರಿಯ ಸಾಲಿನಲ್ಲಿ ಮೊದಲು ನಿಂತವರ ಹಾಲಿಗೇ ಫ್ಯಾಟ್ ಜಾಸ್ತಿ ಬರುತ್ತಾ?”

“ನಮ್ಮೂರ್ನಲ್ಲಿ ಬತ್ತದೆ ಕಣ್ ಸಾ,” ಎಂದಿತು ಹಿಂದಿನಿಂದ ಒಂದು ದನಿ. “ಮೊದ್ಲು ನಿಲ್ಲಾದು ಸೆಕ್ರೆಟ್ರಿ ಎಂಡ್ರು.”

ಡೇರಿ ನಕ್ಕಿತು. ಕಾರ್ಯದರ್ಶಿ ಮಾತ್ರ ಹಾಲು ಅಳೆಯುವುದರಲ್ಲಿ ಮಗ್ನರಾದರು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ಹುಡುಗಿ ಗುರಿ ಮುಟ್ಟಿದಳು. ಅವಳಿಗಿಂತ ಮೊದಲು ಯಾರೂ ಹೊರಟಿರಲಿಲ್ಲವಾದ್ದರಿಂದ ಪರದೆಯ ಮೇಲೆ ಅವಳ ಹೆಸರೇ ಎಲ್ಲಕ್ಕಿಂತ ಮೇಲೆ ಬಂತು. ಕೆಳಗೆ ಬೇರೆ ಹೆಸರೇ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಪಟಾಕಿ ಸರ ಹೊತ್ತಿತು. ಕಟ್ಟಿದ್ದ ಹಸುವೊಂದು ಹಗ್ಗ ಕಿತ್ತುಕೊಂಡು ಓಡಿತು. ಸದಸ್ಯರು ಲಾಡು ತರಲು ಒಬ್ಬನನ್ನು ಅಟ್ಟಿ, ಹೊಳೆನರಸೀಪುರದ ಫ್ಲೆಕ್ಸ್ ಅಂಗಡಿಗೆ ಫೋನ್ ಹಚ್ಚಿದರು. ಗೆದ್ದ ಮೇಲೆ ಇನ್ನು ನೋಡುವುದೇನು ಎಂದು ಪ್ರೊಜೆಕ್ಟರ್ ಆರಿಸಿ ಎಲ್ಲರೂ ದೇವಸ್ಥಾನದ ಕಡೆ ನಡೆದರು.

ಡೇರಿಯ ಜಗಲಿಯಲ್ಲಿ ಉಳಿದವರು ಅಪ್ಪ, ಅಮ್ಮ, ನಾನು ಮತ್ತು ನನ್ನ ಮೊಬೈಲ್. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಗುರಿ ಮುಟ್ಟತೊಡಗಿದರು. ಅವಳಿಗಿಂತ ಬೇಗ ಮುಗಿಸಿದ ಪ್ರತಿಯೊಬ್ಬಳೂ ಅವಳ ಹೆಸರನ್ನು ಒಂದು ಸಾಲು ಕೆಳಗೆ ತಳ್ಳುತ್ತಿದ್ದಳು. ಆಚೆ ತಮಟೆ ಶುರುವಾಗಿತ್ತು.

“ಎಲ್ಲಿಗ್ ಬಂತು ಸಾ?” ಎಂದು ಅಪ್ಪ ಕೇಳುತ್ತಲೇ ಇದ್ದರು. ಅಮ್ಮ ಮೊಬೈಲ್ ನೋಡಲು ಒಪ್ಪಲಿಲ್ಲ, ಕ್ಯಾನು ತೊಳೆಯುತ್ತಿದ್ದರು.

“ಅವ್ರೂ ಯಾರ್ದೋ ಮಕ್ಳೇಯ,” ಎಂದರು ಆಕೆ. “ಆದ್ರೂ ವಸಿ ನಿದಾನುಕ್ಕೆ ಬರ್ಬಾರ್ದಾ?”

ಕೆಲವರು ನಿಧಾನಕ್ಕೇ ಬಂದರು. ಕೊನೆಯವಳು ಮುಗಿಸಿದಾಗ ಇವರ ಮಗಳ ಹೆಸರು ಮೇಲಿನ ಅರ್ಧದ ಕಟ್ಟಕಡೆಯ ಸಾಲಿನಲ್ಲಿತ್ತು. ಎರಡು ಸಲ ಎಣಿಸಿ ಹೇಳಿದೆ. ಅಪ್ಪ ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ತರಬೇತುದಾರರ ಫೋನ್ ಬಂತು: ಜಾಗ ಉಳಿದಿದೆ, ಊರಿಗೆ ಕಳಿಸುವುದಿಲ್ಲ, ಅಲ್ಲಿಂದ ನೇರ ಶಿಬಿರಕ್ಕೆ.

ಸದಸ್ಯರು ಲಾಡಿನ ಡಬ್ಬಿಯೊಂದಿಗೆ ಬಂದು, ಅಂಗಡಿಯವನು ಕಳಿಸಿದ್ದ ಫ್ಲೆಕ್ಸ್ ಮಾದರಿಯನ್ನು ಮೊಬೈಲಿನಲ್ಲಿ ತೋರಿಸಿದರು. ‘ಚಿನ್ನದ ಕುವರಿಗೆ ಸ್ವಾಗತ.’ ಅದರಲ್ಲಿ ಹುಡುಗಿ ಒಂದು ಮೂಲೆಯಲ್ಲಿದ್ದಳು.

“ಮಗು ಯಾವತ್ತು ಬತ್ತದೆ? ಜೀಪು ಏಳಿವ್ನಿ.”

“ಬರಾಕಿಲ್ಲ ಅಣ್ಣ,” ಎಂದರು ಅಪ್ಪ. ಮಗಳು ಮನೆಗೆ ಬರುವುದಿಲ್ಲ ಎಂದು ಅಷ್ಟು ಖುಷಿಯಾಗಿ ಹೇಳಿದ ಇನ್ನೊಬ್ಬ ತಂದೆಯನ್ನು ನಾನು ನೋಡಿಲ್ಲ. “ಸೋತಿದ್ರೆ ಬತ್ತಿದ್ಲು.”

“ಗೆದ್ದೋಳೇ ಇಲ್ದೆ ಮೆರವಣಿಗೆ ಎಂಗ್ ಮಾಡಾದ್ಲಾ?”

ಅಮ್ಮ ತೊಳೆದ ಕ್ಯಾನು ಎತ್ತಿಕೊಂಡು ಆ ಮೊಬೈಲಿನತ್ತ ಒಮ್ಮೆ ನೋಡಿದರು. “ನೀವೇ ಕುಂತ್ಕಳಿ ಅಣ್ಣ. ಫೋಟಾನೂ ನಿಮ್ದೇ ದೊಡ್ದಾಗೈತೆ.”

ಸದಸ್ಯರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಭಾನುವಾರ ಮೆರವಣಿಗೆ ನಡೆಯಿತು. ಹೂವಿನ ಹಾರ ಹಾಕಿಕೊಂಡು ಜೀಪಿನಲ್ಲಿ ಅವರೇ ನಿಂತಿದ್ದರು. ಅಪ್ಪ ಅಮ್ಮ ಮನೆ ಬಾಗಿಲಲ್ಲಿ ನಿಂತು ಕೈ ಬೀಸಿದರು.