ಬೆಳ್ಳುಳ್ಳಿ ಹಾಕಿದ ಆಯುಧ

ಆತ್ಮರಕ್ಷಣೆಯ ಆಯುಧಕ್ಕೆ ಬೆಳ್ಳುಳ್ಳಿ ಹಾಕಿ ಕುಟ್ಟಿದವರನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ಒಂದೇ ಮನೆಯಲ್ಲಿ ಅವರ ಜೊತೆ ಸಂಸಾರ ಮಾಡುತ್ತಿದ್ದೇನೆ. ಅವರು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಶಾಂತಕ್ಕ. (ಹೆಸರು ಮಾತ್ರ ಶಾಂತ.)

ನಡೆದದ್ದು ಹೋದ ತಿಂಗಳು. ಶಾಂತಕ್ಕನ ಮಗಳು ರೇಖಾ ಎಕ್ಸ್‌ರೇ ತೆಗೆಯುವ ಕೋರ್ಸ್ ಮುಗಿಸಿದ್ದಾಳೆ. ಬೆಂಗಳೂರಿನ ಒಂದು ಆಸ್ಪತ್ರೆಯವರು ಕರೆದು, ಒಂದು ವಾರ ಕೆಲಸ ಮಾಡಿ ನೋಡು, ನಿನಗೂ ನಮಗೂ ಸರಿ ಅನ್ನಿಸಿದರೆ ಸೋಮವಾರದಿಂದ ಕೆಲಸ ಪಕ್ಕಾ ಎಂದಿದ್ದರು. ಹುಡುಗಿ ಕುಣಿಯುತ್ತಲೇ ಹೋದಳು. ಹೋದ ಮೇಲೆ ಗೊತ್ತಾಯಿತು, ಡ್ಯೂಟಿ ಮುಗಿಯುವುದು ರಾತ್ರಿ ಒಂಬತ್ತೂವರೆಗೆ.

ನಮ್ಮೂರು ಸಂಶಿಯಲ್ಲಿ, ಮನೆಯ ಪಡಸಾಲೆಯಲ್ಲಿ ಅವತ್ತು ಊಟ ಅರ್ಧಕ್ಕೇ ನಿಂತಿತು. ರೇಖಾಳ ಅಪ್ಪ, ನನ್ನ ಭಾವನವರು, ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಾಟಿನಲ್ಲಿ ಇಟ್ಟುಬಿಟ್ಟರು.

“ರಾತ್ರಿ ಒಂಬತ್ತೂವರಿಗೆ ನನ್ನ ಮಗಳು ಬೆಂಗಳೂರ ರಸ್ತಾದಾಗ ಒಬ್ಬಾಕಿನ ನಡ್ಕೋತ ಬರೂದಂದ್ರ ಏನು? ಎಂಥೆಂಥಾ ಮಂದಿ ಇರ್ತಾರಲ್ಲೆ. ನಮ್ಮೂರಂಗ ಬಾಗಲಾ ತಗದ ಮಲ್ಕೊಳ್ಳೂ ಊರೇನದು? ಬ್ಯಾಡ. ವಾಪಸ್ ಬಾ ಅನ್ರಿ ಆಕಿಗೆ.”

ಶಾಂತಕ್ಕ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

“ನೋಡದ ಫೇಲ್ ಮಾಡಬ್ಯಾಡ್ರಿ. ನಾನು ಸುಮಾ ಹೋಗಿ ನೋಡ್ಕೊಂಡ ಬರ್ತೇವಿ. ಆಕಿ ಬರೂ ದಾರಿ, ಆಕಿ ಬರೂ ಹೊತ್ತಿನ್ಯಾಗ, ನಾವ ನಡದ ನೋಡ್ತೇವಿ. ಚಲೋ ಇದ್ರ ಇರ್ತಾಳ, ಇಲ್ಲಂದ್ರ ನಾನ ಕೈ ಹಿಡದ ಕರ್ಕೊಂಡ ಬರ್ತೇನಿ. ಆತಿಲ್ಲ?”

ಸುಮಾ ಎಂದರೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ. ಶಾಲೆಗೆ ಇನ್ಸ್‌ಪೆಕ್ಷನ್ ಬರುತ್ತದೆ ಎಂದರೆ ಹಿಂದಿನ ದಿನವೇ ಹಾಜರಿ ಪುಸ್ತಕವನ್ನು ಮೂರು ಸಲ ತಿರುವಿ ನೋಡುವ ಟೀಚರು ನಾನು. ಈಗ ನಾನೇ ಇನ್ಸ್‌ಪೆಕ್ಟರ್. ಅದೂ ಬೆಂಗಳೂರಿಗೆ. ಅದೂ ರಾತ್ರಿ!

ನಾನು ತಯಾರಿ ಮಾಡಿದೆ ನೋಡಿ. ಫೋನಿಗೆ ಬಂದಿದ್ದ ಎಚ್ಚರಿಕೆಯ ಮೆಸೇಜುಗಳನ್ನೆಲ್ಲ ಹುಡುಕಿ ತೆಗೆದು, ರೈಲಿನಲ್ಲಿ ಕೂತು ಶಾಂತಕ್ಕನಿಗೆ ಓದಿ ಹೇಳಿದೆ. ಅಪರಿಚಿತರ ಜೊತೆ ಮಾತಾಡಬಾರದು. ಎಲ್ಲಿ ಉಳಿದಿದ್ದೇವೆಂದು ಬಾಯಿ ಬಿಡಬಾರದು. ಯಾರಾದರೂ ಕೊಟ್ಟದ್ದನ್ನು ತಿನ್ನಬಾರದು. ದಾರಿ ಗೊತ್ತಿಲ್ಲದವರಂತೆ ಪಿಳಿಪಿಳಿ ನೋಡಬಾರದು.

ಶಾಂತಕ್ಕ ಕಿಟಕಿಯಿಂದ ಮುಖ ತಿರುಗಿಸಿದರು. “ಮಾತಾಡಬ್ಯಾಡ, ತಿನಬ್ಯಾಡ, ನೋಡಬ್ಯಾಡ. ಹಂಗಾರ ಆ ಊರಿಗೆ ಯಾಕ ಹೊಂಟೇವಿ ನಾವು?”

ನಾನು ಮುಂದಿನ ಮೆಸೇಜು ಹುಡುಕತೊಡಗಿದೆ. ಆಗ ಅವರು ಚೀಲದಿಂದ ಸಣ್ಣದೊಂದು ಸ್ಟೀಲ್ ಡಬ್ಬಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. “ಖಾರಪುಡಿ. ಯಾವನರ ಮೈಮ್ಯಾಲೆ ಬಂದ್ರ ಕಣ್ಣಿಗೆ ಒಗದಬಿಡೂದು.”

ನಮ್ಮ ಕುಂದಗೋಳ ತಾಲೂಕಿನ ಮೆಣಸಿನಕಾಯಿ. ನನಗೆ ಸ್ವಲ್ಪ ಧೈರ್ಯ ಬಂತು. ಮುಚ್ಚಳ ತೆಗೆದು ಮೂಸಿದೆ. ಧೈರ್ಯ ಹೋಯಿತು. ಬೆಳ್ಳುಳ್ಳಿಯ ವಾಸನೆ, ಜೀರಿಗೆಯ ವಾಸನೆ. ಬೆರಳಿಗೆ ಹುರಿದ ಶೇಂಗಾದ ತರಿ.

“ಅಕ್ಕಾ, ಇದ್ರಾಗ ಬೆಳ್ಳುಳ್ಳಿ ಯಾಕ್ರಿ?”

“ಬರೇ ಖಾರಪುಡಿ ಹೆಂಗ ಒಯ್ಯೂದು? ಮನಸ್ಸ ಬರಲಿಲ್ಲ. ಒಂದೀಟ ಉಪ್ಪ ಹಾಕಿದೆ. ಉಪ್ಪ ಹಾಕಿದ ಮ್ಯಾಲೆ ಬೆಳ್ಳುಳ್ಳಿ ಇಲ್ಲದ ಸಪ್ಪಗ ಆಗ್ತೈತಿ. ಶೇಂಗಾ ಹುರದದ್ದ ಇತ್ತು, ಅದನ್ನೂ ಹಾಕಿ ಕುಟ್ಟಿದೆ.”

“ಕಳ್ಳನ ಕಣ್ಣಿಗೆ ಒಗ್ಯಾಕ ಶೇಂಗಾ ಯಾಕ್ರಿ ಅಕ್ಕಾ?”

“ನಮ್ಮ ಕೈಯಾಗ ಮಾಡಿದ್ದು ಯಾರಿಗೆ ಹೋದ್ರೂ ರುಚಿ ಇರಬೇಕವ್ವ.”

ಇದಕ್ಕೆ ನೀವಾದರೆ ಏನು ಹೇಳುತ್ತಿದ್ದಿರಿ? ನಾನು ಒಂದು ಬೆರಳು ನೆಕ್ಕಿ ನೋಡಿ, ಚೆನ್ನಾಗಿದೆ ಎಂದೆ.

ಶನಿವಾರ ಸಂಜೆ ರೇಖಾಳ ಪಿ.ಜಿ. ಇರುವ ಬಡಾವಣೆಗೆ ಬಂದಿಳಿದೆವು. ಪಿ.ಜಿ.ಯಿಂದ ಆಸ್ಪತ್ರೆಗೆ ನಡೆದೇ ಹೋಗುವ ದಾರಿ. ಒಂದು ಗಲ್ಲಿ, ಆಮೇಲೆ ಒಂದು ದೊಡ್ಡ ರಸ್ತೆ. ಆ ದೊಡ್ಡ ರಸ್ತೆಯ ಎರಡೂ ಬದಿಗೆ ತಿನ್ನುವ ಅಂಗಡಿಗಳು, ಬಟ್ಟೆ ಅಂಗಡಿಗಳು, ಬಣ್ಣಬಣ್ಣದ ಲೈಟು, ಸಂಶಿಯ ಸಂತೆಯನ್ನು ಮೂರು ಸಲ ಮಡಚಿ ಇಟ್ಟಷ್ಟು ಜನ. ರೇಖಾ ಬರುವುದಕ್ಕೆ ಇನ್ನೂ ಹೊತ್ತಿತ್ತು. ನಾನು ಚೀಲವನ್ನು ಎದೆಗೆ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ, ಪಿಳಿಪಿಳಿಯನ್ನೂ ಮಾಡದೆ ನಡೆಯುತ್ತಿದ್ದೆ. ಪಕ್ಕದಲ್ಲಿ ನೋಡುತ್ತೇನೆ, ಶಾಂತಕ್ಕ ಇಲ್ಲ.

ಎ.ಟಿ.ಎಂ. ಮುಂದೆ ಕುರ್ಚಿ ಹಾಕಿ ಕೂತಿದ್ದ ಸೆಕ್ಯುರಿಟಿಯವನ ಹತ್ತಿರ ನಿಂತಿದ್ದರು.

“ಯಾವೂರಪಾ ತಮ್ಮಾ?”

“ರಾಯಚೂರ ಕಡೀರಿ ಅಕ್ಕಾ.”

“ಊಟಾ ಆತೇನು? ನಾವು ಕುಂದಗೋಳ ಕಡಿಯಾವ್ರು. ನನ್ನ ಮಗಳು ಆ ದವಾಖಾನ್ಯಾಗ ಎಕ್ಸ್‌ರೇ ತಗಿಯೂ ಕೆಲಸಕ್ಕ ಬಂದಾಳ. ದಿನಾ ಇದ ದಾರ್ಯಾಗ ಒಂಬತ್ತೂವರಿಗೆ ಬರ್ತಾಳ. ಸ್ವಲ್ಪ ಲಕ್ಷ್ಯ ಇರ್ಲಿ.”

ನಾನು ಸೆರಗು ಹಿಡಿದು ಎಳೆದೆ. ಊರು ಹೇಳಿದರು. ಕೆಲಸ ಹೇಳಿದರು. ಟೈಮ್ ಟೇಬಲ್ ಕೂಡ ಹೇಳಿದರು! ಪಿ.ಜಿ.ಯ ಬಾಗಿಲಿನ ಬೀಗದ ಕೈ ಒಂದು ಕೊಡುವುದು ಬಾಕಿ ಇತ್ತು. ನನ್ನ ಮೆಸೇಜುಗಳಲ್ಲಿ ಮಾಡಬೇಡಿ ಎಂದದ್ದನ್ನೆಲ್ಲ ಅವರು ಒಂದೇ ಉಸಿರಿಗೆ ಮಾಡಿ ಮುಗಿಸಿದ್ದರು. (ಓದುಗ ಹೆಣ್ಣುಮಕ್ಕಳೇ, ಇದನ್ನು ನೀವು ಮಾಡಿ ಎಂದು ನಾನು ಹೇಳುತ್ತಿಲ್ಲ. ಶಾಂತಕ್ಕ ಮಾಡಿದರು ಎಂದಷ್ಟೇ ಬರೆಯುತ್ತಿದ್ದೇನೆ.)

ಆಮೇಲೆ ಹಸಿವಾಯಿತು. ಒಂದು ದೋಸೆ ಅಂಗಡಿಯ ಹೊರಗೆ ಹಾಕಿದ್ದ ಟೇಬಲ್ಲಿಗೆ ಕೂತೆವು. ದೋಸೆ ಬಂತು, ಬಿಸಿ ಬಿಸಿ, ಗರಿ ಗರಿ. ಶಾಂತಕ್ಕ ಒಂದು ತುತ್ತನ್ನು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಭಕ್ತಿಯಿಂದ ಅಲ್ಲ.

“ಸುಮಾ, ಇದ್ರಾಗ ಬೆಲ್ಲಾ ಹಾಕ್ಯಾರ.”

“ಬೆಂಗಳೂರಾಗ ಹಂಗ ಅಕ್ಕಾ.”

“ನನ್ನ ಮಗಳು ದಿನಾ ಇದನ್ನ ತಿನ್ನೂದೇನು?” ಅವರ ದನಿಯಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಿಜವಾದ ಗಾಬರಿ ಕೇಳಿಸಿತು.

ಮುಂದೆ ಏನಾಯಿತು ಎಂದು ನೀವು ಊಹಿಸಿಯೇ ಇರುತ್ತೀರಿ. ಡಬ್ಬಿ ಹೊರಗೆ ಬಂತು. ಆಯುಧ ತಾಟಿಗೆ ಬಿತ್ತು. ನಾನು ತಡೆಯಬೇಕಿತ್ತು, ನಿಜ. ಆದರೆ ದೋಸೆಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಆ ಕೆಂಪು ಪುಡಿ. ನಾನೂ ಮನುಷ್ಯಳೇ ಅಲ್ಲವೇ?

ವಾಸನೆ ಬಾಜೂ ಟೇಬಲ್ಲಿಗೆ ಹೋಯಿತು. ಅಲ್ಲಿ ಇಬ್ಬರು ಹುಡುಗಿಯರು ಕೂತಿದ್ದರು. ಎದುರಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ಆಗ ತಾನೇ ಮುಗಿಸಿ ಬಂದವರು. “ಆಂಟಿ, ಅದೇನದು? ಒಂಚೂರು ಕೊಡ್ತೀರಾ?” ಕೇಳಿದ್ದೇ ತಡ, ಶಾಂತಕ್ಕ ಅವರ ಟೇಬಲ್ಲಿಗೇ ಕುರ್ಚಿ ಎಳೆದುಕೊಂಡರು. ಯಾವ ಊರು, ಮನೆಯಲ್ಲಿ ಎಷ್ಟು ಜನ, ಎಲ್ಲಿ ಇರುತ್ತೀರಿ, ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತೀರಿ, ಅಡುಗೆ ಯಾರು ಮಾಡುತ್ತಾರೆ. ಅವರ ರೂಮು ರೇಖಾಳ ಪಿ.ಜಿ. ಇರುವ ಗಲ್ಲಿಯ ಕೊನೆಗೇ ಇತ್ತು. ಅಷ್ಟರಲ್ಲಿ ದೋಸೆ ಅಂಗಡಿಯ ಮಾಲೀಕರೂ ಬಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಆದರೂ ಕೈ ಚಾಚಿದರು.

“ಅಮ್ಮ, ಇನ್ನೊಂದ್ ಸ್ವಲ್ಪ ಇದ್ಯಾ?”

ಒಂಬತ್ತೂವರೆಗೆ ರೇಖಾ ಆಸ್ಪತ್ರೆಯ ಗೇಟಿನಿಂದ ಹೊರಗೆ ಬಂದಳು. ನಮ್ಮನ್ನು ನೋಡಿ ಓಡಿ ಬಂದು ಅವ್ವನ ಕೊರಳಿಗೆ ಜೋತುಬಿದ್ದಳು. ಅಪ್ಪಿಕೊಂಡಷ್ಟೇ ಬೇಗ ಅವಳನ್ನು ದೂರ ಸರಿಸಿ ಶಾಂತಕ್ಕ ಪರೀಕ್ಷೆ ಶುರು ಮಾಡಿದರು.

“ನೀ ಮುಂದ ಒಬ್ಬಾಕಿನ ನಡಿ. ದಿನಾ ಹೆಂಗ ನಡೀತಿ ಹಂಗ. ನಾವ ಹಿಂದ ದೂರ ಬರ್ತೇವಿ, ಗುರ್ತ ಇಲ್ಲದವ್ರಂಗ.”

“ಅವ್ವಾ, ನಾಟಕ ಬ್ಯಾಡ.”

“ನಿಮ್ಮಪ್ಪಗ ನಾ ಏನ ಹೇಳ್ಲಿ ಮತ್ತ? ನಡಿ.”

ಹುಡುಗಿ ನಡೆದಳು. ನಾವಿಬ್ಬರು ಹಿಂದೆ. ನನಗಂತೂ ನಗು ತಡೆಯಲಾಗುತ್ತಿರಲಿಲ್ಲ. ಸೀರೆ ಉಟ್ಟ ಇಬ್ಬರು ಪತ್ತೇದಾರರು, ಹೊಟ್ಟೆ ತುಂಬ ದೋಸೆ, ತಂಪು ಗಾಳಿ, ಎಲ್ಲ ಕಡೆ ಬೆಳಕು. ರಾತ್ರಿ ಹೊತ್ತಲ್ಲಿ ಸುಮ್ಮನೆ ರಸ್ತೆಯಲ್ಲಿ ನಡೆಯುವುದು ಇಷ್ಟು ಚಂದ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ?

ದೋಸೆ ಅಂಗಡಿ ದಾಟಿ ರೇಖಾ ಗಲ್ಲಿಯ ಕಡೆ ತಿರುಗುವಾಗ ಒಂದು ಬೈಕು ನಿಧಾನವಾಯಿತು. ಅವಳ ಪಕ್ಕಕ್ಕೇ ಬಂತು. ಅವಳು ಬೇಗ ಹೆಜ್ಜೆ ಹಾಕಿದಳು, ಬೈಕೂ ಬೇಗ ಬಂತು. ಅವಳು ನಿಂತಳು, ಬೈಕೂ ನಿಂತಿತು. “ಡ್ರಾಪ್ ಬೇಕಾ? ಹತ್ತು, ಬಿಡ್ತೀನಿ” ಎನ್ನುವುದು ನಮಗೆ ಕೇಳಿಸಿತು.

ನಾನು ಶಾಂತಕ್ಕನ ತೋಳು ಹಿಡಿದೆ. “ಅಕ್ಕಾ, ಡಬ್ಬಿ ತಗೀರಿ.”

ಶಾಂತಕ್ಕ ಡಬ್ಬಿ ತೆಗೆದರು. ತಳದಲ್ಲಿ ಅರ್ಧ ಶೇಂಗಾ ಬೀಜ ಇತ್ತು.

ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಅವರು ನಡೆದೇ ಬಿಟ್ಟರು. ನೇರ ಹೋಗಿ ಬೈಕಿನ ಹ್ಯಾಂಡಲ್ ಮೇಲೆ ಕೈ ಇಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಯಾವೂರು ತಮ್ಮಾ?”

ಆತ ತಬ್ಬಿಬ್ಬಾದ. ಊರಿನ ಹೆಸರು ಹೇಳಿದ! (ಆ ಊರು ಏನು ತಪ್ಪು ಮಾಡಿದೆ ಪಾಪ, ಇಲ್ಲಿ ಬರೆಯುವುದಿಲ್ಲ.) ಬೈದಿದ್ದರೆ ತಿರುಗಿ ಬೈಯುತ್ತಿದ್ದ. ಹೆದರಿದ್ದರೆ ನಗುತ್ತಿದ್ದ. ಯಾವೂರು ಎಂದು ಹಿರಿಯರೊಬ್ಬರು ಕೇಳಿದರೆ ಉತ್ತರ ತಾನಾಗಿ ಬಾಯಿಗೆ ಬರುತ್ತದೆ, ಚಿಕ್ಕಂದಿನಿಂದ ಆದ ರೂಢಿ.

“ಯಾರ ಮಗಾ? ಅಪ್ಪನ ಹೆಸರೇನು?”

ಅದನ್ನೂ ಹೇಳಿದ.

“ಅಕ್ಕ ತಂಗಿ ಅದಾರೇನು?”

ಈಗ ಆತನ ಕೈ ಬೈಕಿನ ಕೀಲಿಯ ಕಡೆ ಹೋಯಿತು.

“ನಿಮ್ಮವ್ವಗ ಫೋನ್ ಹಚ್ಚು. ನಾ ಮಾತಾಡ್ತೇನಿ. ನಿಮ್ಮ ಮಗಾ ಬೆಂಗಳೂರಾಗ ರಾತ್ರಿ ಗುರ್ತ ಇಲ್ಲದ ಹುಡುಗ್ಯಾರನ್ನ ಬೈಕಿನ ಮ್ಯಾಲೆ ಕರ್ಯಾಕತ್ತಾನ, ಇದನ್ನ ನೀವ ಕಲಿಸೀರೇನವ್ವ ಅಂತ ಕೇಳ್ತೇನಿ. ಹಚ್ಚು.”

ಅಷ್ಟರಲ್ಲಿ ಹಿಂದಿನಿಂದ ಸೀಟಿಯ ಸದ್ದು. ರಾಯಚೂರಿನ ಸೆಕ್ಯುರಿಟಿ ಓಡಿ ಬರುತ್ತಿದ್ದ. ಅವನ ಹಿಂದೆ ದೋಸೆ ಅಂಗಡಿಯ ಮಾಲೀಕರು, ಕೈಯಲ್ಲಿ ಸಟ್ಟುಗ. ಬಟ್ಟೆ ಅಂಗಡಿಯ ಆ ಹುಡುಗಿಯರಂತೂ ನಂಬರ್ ಪ್ಲೇಟಿನ ಫೋಟೊ ತೆಗೆದು ಪೊಲೀಸರಿಗೆ ಕಳಿಸಿಯೇ ಬಿಟ್ಟರು. ಆ ಹುಡುಗ ಅವ್ವನಿಗೆ ಫೋನು ಹಚ್ಚಲಿಲ್ಲ. ಬೈಕು ತಿರುಗಿಸಿಕೊಂಡು ಹೋದ ರಭಸಕ್ಕೆ ಒಂದು ಚಪ್ಪಲಿ ಅಲ್ಲೇ ಬಿಟ್ಟ.

ಆಮೇಲೆ ನಾವು ನಕ್ಕದ್ದೇ ನಕ್ಕದ್ದು. ಚಪ್ಪಲಿ ನೋಡಿ ನಕ್ಕೆವು, ಸಟ್ಟುಗ ನೋಡಿ ನಕ್ಕೆವು, ನನ್ನ ಕೈಯಲ್ಲಿದ್ದ ಖಾಲಿ ಡಬ್ಬಿ ನೋಡಿ ಶಾಂತಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲಲೊಲ್ಲದು.

ರೇಖಾ ಒಬ್ಬಳು ನಗಲಿಲ್ಲ. ಪಿ.ಜಿ.ಗೆ ಬಂದು ಹಾಸಿಗೆಯ ಮೇಲೆ ಕೂತಳು.

“ದವಾಖಾನಿಯವ್ರು ಸೋಮವಾರ ಸೇರು ಅಂದಿದ್ರು. ಮುಗೀತಲ್ಲ ಅವ್ವಾ. ಪರೀಕ್ಷಾ ಮಾಡಾಕ ಬಂದ ದಿನಾನ ಹಿಂಗಾಗಬೇಕಾ? ಅಪ್ಪಗ ಹೇಳಬ್ಯಾಡ. ಕಾಕು, ನೀವರ ಹೇಳ್ರಿ.”

ಕಾಕು ಅಂದರೆ ನಾನು. ನಾನು ಶಾಂತಕ್ಕನ ಮುಖ ನೋಡಿದೆ.

“ಸುಳ್ಳ ಹೇಳೂದಿಲ್ಲ” ಎಂದರು ಅವರು. “ಇದ್ದದ್ದ ಇದ್ದಂಗ ಹೇಳ್ತೇನಿ.”

ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಈ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಳೆಂದು ನನಗೆ ಗೊತ್ತು. ನನಗೆ ಬಹಳ ಸಂಕಟವಾಯಿತು. ಆ ಬೈಕಿನವನ ಮೇಲೆ ಅಲ್ಲಿಯವರೆಗೆ ಬರದಿದ್ದ ಸಿಟ್ಟು ಆಗ ಬಂತು. ತಪ್ಪು ಮಾಡಿದವನು ಅವನು. ಕೆಲಸ ಬಿಟ್ಟು ಮನೆಗೆ ಬರಬೇಕಾದವಳು ಇವಳಾ?

ಭಾನುವಾರ ರಾತ್ರಿ ನಾವು ಸಂಶಿಗೆ ಬಂದೆವು. ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ರೇಖಾ ಬೆಂಗಳೂರಿನಿಂದ ಫೋನಿನಲ್ಲಿ ಇದ್ದಳು. ಸ್ಪೀಕರ್ ಹಾಕಿ ಫೋನನ್ನು ನಡುವೆ ಇಟ್ಟಿದ್ದೆವು.

“ಒಬ್ಬಾಂವ ಬಂದಿದ್ದ” ಎಂದು ಶುರು ಮಾಡಿದರು ಶಾಂತಕ್ಕ. ಬೈಕು, ಡ್ರಾಪು, ಎಲ್ಲ ಹೇಳಿದರು.

ಭಾವನವರು ತೊಡೆ ತಟ್ಟಿದರು. “ನಾ ಹೇಳಿದ್ದಿಲ್ಲೇನು? ನಾಳೆ ಗಾಡಿ ಹತ್ತು ಅನ್ರಿ ಆಕಿಗೆ.”

ಶಾಂತಕ್ಕ ಫೋನನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

“ತಡೀರಿ, ನಂದಿನ್ನೂ ಮುಗದಿಲ್ಲ. ಒಬ್ಬಾಂವ ಬಂದ, ನಾಕ ಮಂದಿ ಓಡಿ ಬಂದ್ರು. ಅಂಗಡಿ ತಗದಿದ್ದು, ಲೈಟ್ ಇತ್ತು, ಕೆಲಸಾ ಮುಗಿಸಿದ ಹೆಣ್ಣಮಕ್ಕಳು ಕುಂತ ದೋಸಿ ತಿನ್ನಾಕತ್ತಿದ್ರು. ನಾಳಿಂದ ಆ ಇಬ್ರ ಹುಡುಗ್ಯಾರು ದವಾಖಾನಿ ಗೇಟಿಗೆ ಬಂದು ಇಕಿನ್ನ ಕರ್ಕೊಂಡ ಹೊಕ್ಕಾರ, ಮಾತಾಡೇನಿ. ಚಟ್ನಿ ಡಬ್ಬಿ ನಾ ಕಳಸ್ತೇನಿ. ರೇಖಾ, ನಾಳೆ ಕೆಲಸಕ್ಕ ಸೇರು. ಬೆಂಗಳೂರು ಪಾಸ್.”

ಫೋನಿನಿಂದ ಬಂದ ಕಿರುಚಾಟಕ್ಕೆ ಹೊರಗೆ ನಾಯಿ ಬೊಗಳಿತು. ಭಾವನವರು ಫೋನಿನ ಕಡೆ ಬಾಗಿದರು. ಮಗಳ ಆ ಖುಷಿಯನ್ನು ಕೇಳಿ, ಹಿಂದಕ್ಕೆ ಸರಿದು ಗೋಡೆಗೆ ಒರಗಿದರು. ಅವರ ಮೀಸೆಯಡಿ ನಗು ಬಂದದ್ದನ್ನು ನಾನು ನೋಡಿದೆ.

ಶಾಂತಕ್ಕ ಗೋಡೆಯ ಗಡಿಯಾರ ನೋಡಿ, ಸೆರಗು ಹೊದ್ದುಕೊಂಡು ಎದ್ದರು.

“ಏಳ ಸುಮಾ. ಒಂಬತ್ತೂವರಿ ಆತು. ಸೊಸಿಯಾಗಿ ಬಂದಾಗಿಂದ ಇಷ್ಟೊತ್ತಿನ್ಯಾಗ ನಮ್ಮೂರ ಬಸ್‌ಸ್ಟ್ಯಾಂಡ್ ಹೆಂಗಿರ್ತೈತಿ ಅಂತ ನಾ ನೋಡಿಲ್ಲ. ಬೆಂಗಳೂರು ನೋಡಿದ್ವಿ. ಇದನ್ನೂ ಒಂದ ಸಲ ನಡದ ನೋಡಿ ಬರೂಣು.”

ನಾನು ನಗುತ್ತಲೇ ಎದ್ದೆ. ಎದ್ದ ಮೇಲೆ ನೆನಪು ಮಾಡಿಕೊಂಡೆ. ಇಲ್ಲಿಯ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಪ್ರತಿ ಮನೆಯ ಮಗುವಿನ ಹೆಸರು ಗೊತ್ತು. ಈ ಊರಿನ ರಾತ್ರಿ ಮಾತ್ರ ನನಗೂ ಗೊತ್ತಿಲ್ಲ. ನಿಮ್ಮೂರಿನದು ನಿಮಗೆ ಗೊತ್ತೇ?

ಬಾಗಿಲು ತೆಗೆದು ಮಲಗುವ ಊರಿನ ಯಜಮಾನರು, ನನ್ನ ಭಾವನವರು, ಬಾಗಿಲ ಕಡೆ ನೋಡಿದರು, ಹೊರಗಿನ ಕತ್ತಲೆಯ ಕಡೆ ನೋಡಿದರು, ನಮ್ಮಿಬ್ಬರ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

“ಹಂಗಾರ ಡಬ್ಬಿ ತುಂಬ್ಕೊಂಡ ಹೋಗ್ರಿ.”