ಸ್ಕೂಟರಿನ ಕೀಲಿ ನೇತುಹಾಕುವ ಜಾಗ

ನಮ್ಮ ಚಿಕ್ಕಮ್ಮ ವಾಸವಿರುವುದು ಹಾಯಿದೋಣಿಯಲ್ಲಿ. ಚಿಕ್ಕಪ್ಪ ಕಚೇರಿಯಿಂದ ನಿವೃತ್ತರಾದ ಮೇಲೆ ಇದ್ದ ಮನೆಯನ್ನು ಮಾರಿ ಅದನ್ನು ಕೊಂಡರು. ನೆಂಟರಿಷ್ಟರೆಲ್ಲ ಅವರ ಧೈರ್ಯವನ್ನು ಹೊಗಳಿದರು. ಚಿಕ್ಕಮ್ಮನಿಗೆ ಧೈರ್ಯವಿದೆಯೇ ಎಂದು ಯಾರೂ ಕೇಳಲಿಲ್ಲ. ಹೊಲಿಗೆ ಮಿಷನ್ನು ಎಲ್ಲಿ ಇಡುವುದು ಎಂದು ಅವಳು ಕೇಳಿದಳಂತೆ, ಅಷ್ಟೇ. ಆ ಮಿಷನ್ನಿನಲ್ಲಿ ಮೊದಲು ಪರದೆ ಹೊಲಿಯುತ್ತಿದ್ದವಳು ಈಗ ಬಂದರಿನವರ ಹರಿದ ಹಾಯಿಗಳನ್ನು ಹೊಲಿಯುತ್ತಾಳೆ. ಅಲ್ಲಿ ಅವಳ ಹೆಸರೇ ಹಾಯಿಯಕ್ಕ.

ದೋಣಿಯಲ್ಲಿ ಕೆಲಸದ ಹಂಚಿಕೆ ಮೊದಲ ವಾರವೇ ಆಗಿಹೋಗಿತ್ತು. ಮೇಲಿನದು ಚಿಕ್ಕಪ್ಪನದು: ಹಾಯಿ, ಹಗ್ಗ, ಗಾಳಿಯ ಲೆಕ್ಕಾಚಾರ, ದೋಣಿ ಕಟ್ಟುವ ಜೆಟ್ಟಿಯ ಮೇಲೆ ನಿಂತು ನೋಡುವವರ ಜೊತೆ ಮಾತು. ಕೆಳಗಿನದು ಚಿಕ್ಕಮ್ಮನದು: ಅಡುಗೆ, ಪಾತ್ರೆ, ಒಗೆತ, ದಡದ ನಲ್ಲಿಯಿಂದ ಕ್ಯಾನುಗಳಲ್ಲಿ ಕುಡಿಯುವ ನೀರು ಹೊತ್ತು ತರುವುದು, ಹಾಸಿಗೆಯಡಿ ಹಿಡಿಯುವ ಬೂಷ್ಟು ಒರೆಸುವುದು, ತಳದಲ್ಲಿ ಸೇರುವ ನೀರನ್ನು ಕೈಪಂಪಿನಿಂದ ಹೊರಗೆ ಹಾಕುವುದು. ನೀರಿನ ಮೇಲೆ ಬದುಕುವುದು ಎಂಥ ಸ್ವಾತಂತ್ರ್ಯ ಎಂದು ಚಿಕ್ಕಪ್ಪ ಹೇಳುವಾಗ ಕೆಳಗಿನಿಂದ ಪಂಪಿನ ಗೊರಗೊರ ಸದ್ದು ಕೇಳಿಸುತ್ತಿರುತ್ತದೆ.

ಚಿಕ್ಕಮ್ಮನನ್ನು ಹೆದರಿಸುತ್ತಿದ್ದುದು ಬಿರುಗಾಳಿಯಲ್ಲ, ಸಿಂಕಿನ ಕೆಳಗಿನ ಒಂದು ತೂತು. ಪಾತ್ರೆ ತೊಳೆದ ನೀರು ರಬ್ಬರ್ ಪೈಪಿನಲ್ಲಿ ಇಳಿದು ಆ ತೂತಿನ ಮೂಲಕ ಸಮುದ್ರ ಸೇರುತ್ತದೆ. ತೂತಿರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಪೈಪು ಕಳಚಿಕೊಂಡರೆ ಸಮುದ್ರ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಅದಕ್ಕೆಂದೇ ಅಲ್ಲೊಂದು ಹಿತ್ತಾಳೆಯ ವಾಲ್ವ್ ಇದೆ. ದೋಣಿ ಬಿಟ್ಟು ಹೊರಟಾಗಲೆಲ್ಲ ಅದನ್ನು ಮುಚ್ಚಬೇಕು. ಮರೆಯದಿರಲೆಂದು ಚಿಕ್ಕಮ್ಮ ಸ್ಕೂಟರಿನ ಕೀಲಿಯನ್ನು ಆ ವಾಲ್ವಿನ ಹಿಡಿಗೇ ನೇತುಹಾಕುತ್ತಿದ್ದಳು. ಕೀಲಿ ಬೇಕಾದರೆ ಸಿಂಕಿನಡಿಯ ಗೂಡಿನೊಳಗೆ ಬಗ್ಗಲೇಬೇಕು. ಬಗ್ಗಿದ ಮೇಲೆ ಕೈ ತಾನಾಗಿಯೇ ಹಿಡಿಯನ್ನು ತಿರುಗಿಸುತ್ತದೆ.

ಪೈಪಿನ ಕ್ಲಿಪ್ಪು ಸಡಿಲವಾಗಿದೆ, ಬದಲಾಯಿಸಬೇಕು ಎಂದು ಅವಳು ಹೇಳುತ್ತ ಬಂದಿದ್ದಳು. ನೋಡೋಣ ಎಂದು ಚಿಕ್ಕಪ್ಪ ಹೇಳುತ್ತ ಬಂದಿದ್ದರು.

ಆ ದಿನ ಚಿಕ್ಕಪ್ಪ ಎದ್ದವರೇ ಗುಡ್ಡದ ಮೇಲಿನ ದೀಪಸ್ತಂಭದವರೆಗೆ ಸ್ಕೂಟರಿನಲ್ಲಿ ಹೋಗೋಣ ಎಂದರು. ಅವಸರವಿಲ್ಲ, ಅಲ್ಲಲ್ಲಿ ನಿಲ್ಲುತ್ತ, ಹೊತ್ತು ಮುಳುಗುವುದರೊಳಗೆ ಬಂದರಾಯಿತು. ಅವಸರವಿಲ್ಲದ ಆ ಪ್ರವಾಸಕ್ಕಾಗಿ ಚಿಕ್ಕಮ್ಮ ಅವಸರವಸರವಾಗಿ ಅನ್ನ ಕಲಸಿ ಡಬ್ಬಿಗೆ ತುಂಬಿ, ನೀರು ತುಂಬಿ, ಹಾಸಲು ಚಾದರ ಮಡಚಿ, ಪಾತ್ರೆ ತೊಳೆದಳು. ಮೇಲಿನಿಂದ ಚಿಕ್ಕಪ್ಪ ಬಿಸಿಲೇರುತ್ತದೆಂದು ಕೂಗುತ್ತಿದ್ದರು. ಕೊನೆಗೆ, ನೀನು ಚೀಲ ತಗೊಂಡು ನಡಿ, ನಾನು ಎಲ್ಲಾ ಮುಚ್ಚಿ ಬರುತ್ತೇನೆ ಎಂದರು. ಅವರು ಎಂದೂ ಹಾಗೆ ಹೇಳಿದವರಲ್ಲ. ಅವಳಿಗೆ ಖುಷಿಯೇ ಆಯಿತು. ಸ್ವಲ್ಪ ಹೊತ್ತಿಗೆ ಅವರು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಬಂದರು. ಕೀಲಿ ಬಂದಿದೆ ಎಂದ ಮೇಲೆ ವಾಲ್ವ್ ಮುಚ್ಚಿದ ಹಾಗೇ ಎಂದುಕೊಂಡು ಅವಳು ಹಿಂದೆ ಹತ್ತಿ ಕೂತಳು.

ಅರ್ಧ ದಾರಿಯಲ್ಲಿ ಟೀ ಅಂಗಡಿಯ ಮುಂದೆ ನಿಂತರು. ಹೋದ ವಾರ ಯಾರದೋ ಬೈಕು ಕಳುವಾಯಿತು, ಕೀಲಿ ಅದರಲ್ಲೇ ಬಿಟ್ಟಿದ್ದರು ಎಂದು ಅಂಗಡಿಯವನು ಹೇಳಿದ. ಚಿಕ್ಕಪ್ಪ ಜೇಬು ತಟ್ಟಿಕೊಂಡು ನಕ್ಕರು.

"ನಮ್ದು ಹಾಗಲ್ಲಪ್ಪಾ. ನಿನ್ನೆ ಪೆಟ್ರೋಲ್ ಹಾಕಿಸ್ಕೊಂಡು ಬಂದಾಗ ಇಟ್ಕೊಂಡಿದ್ದು, ಇನ್ನೂ ಜೇಬಲ್ಲೇ ಇದೆ."

ಚಿಕ್ಕಮ್ಮ ಟೀ ಲೋಟ ಕೆಳಗಿಟ್ಟಳು. ಹಿಂದಿನ ಸಂಜೆ ಕೀಲಿ ಕೊಡು ಎಂದಾಗ ಕೊಟ್ಟವಳು ಅವಳೇ, ವಾಪಸು ಕೇಳಲು ಮರೆತವಳೂ ಅವಳೇ. ಹಾಗಾದರೆ ಬೆಳಿಗ್ಗೆ ಗೂಡಿನೊಳಗೆ ಬಗ್ಗಿದವರು ಯಾರು?

ಅಂಗಡಿಯಿಂದ ಇಳಿದ ಮೇಲೆ ಮೆಲ್ಲಗೆ ಕೇಳಿದಳು. "ರೀ, ಸಿಂಕಿನ ವಾಲ್ವ್ ಮುಚ್ಚಿದ್ರಾ?"

"ಎಲ್ಲಾ ಮುಚ್ಚಿದ್ದೀನಿ ಮಾರಾಯ್ತಿ."

"ಎಲ್ಲಾ ಅಂದ್ರೆ?"

"ಶುರುವಾಯ್ತಾ? ಸ್ಟವ್ವಿನ ಕಥೆ ಮರ್ತುಹೋಯ್ತಾ?"

ಸ್ಟವ್ವಿನ ಕಥೆ ಬಂದರಿನಲ್ಲೆಲ್ಲ ಪ್ರಸಿದ್ಧ. ಒಮ್ಮೆ ಸ್ಟವ್ ಆರಿಸಿಲ್ಲವೆಂದು ಅವಳು ಹಟ ಹಿಡಿದು ಅರ್ಧ ದಾರಿಯಿಂದ ವಾಪಸು ಕರೆತಂದಿದ್ದಳು. ಸ್ಟವ್ ಆರಿತ್ತು. ಬಂದವರಿಗೆಲ್ಲ ಚಿಕ್ಕಪ್ಪ ಅದನ್ನು ನಟಿಸಿ ತೋರಿಸುತ್ತಾರೆ, ಅವಳ ದನಿಯಲ್ಲಿ. ಚಿಕ್ಕಮ್ಮ ಹಿಂದೆ ಹತ್ತಿ ಕೂತಳು.

ಮುಂದಿನ ದಾರಿಯೆಲ್ಲ ಚೆಂದವಿತ್ತಂತೆ. ಚಿಕ್ಕಪ್ಪ ಕಲ್ಲುಸೇತುವೆಯ ಹತ್ತಿರ ನಿಲ್ಲಿಸಿದರು, ಹೂ ಬಿಟ್ಟ ಬೇಲಿಯ ಹತ್ತಿರ ನಿಲ್ಲಿಸಿದರು, ಕುರಿ ಮಂದೆ ದಾಟಲಿ ಎಂದು ನಿಲ್ಲಿಸಿ ಅದು ದಾಟಿದ ಮೇಲೂ ನಿಂತರು. ಚಿಕ್ಕಮ್ಮನಿಗೆ ಕಂಡದ್ದು ಪೈಪೊಂದೇ. ಕ್ಲಿಪ್ಪು ಕೂದಲೆಳೆಯಷ್ಟು ಜಾರುವುದು, ನೀರು ಗೂಡಿನೊಳಗೆ ಜಿನುಗುವುದು, ನೆಲದ ಹಲಗೆಗಳ ಕೆಳಗೆ ಸದ್ದಿಲ್ಲದೆ ಹರಡುವುದು. ಹಾಸಿಗೆ, ಅಕ್ಕಿ ಡಬ್ಬ, ಊರವರ ಹಾಯಿಗಳು, ಮಿಷನ್ನು. ಮುಳುಗಿದರೆ ಮರಳಲು ದಡದಲ್ಲಿ ಒಂದು ಕೋಣೆಯೂ ಇಲ್ಲ.

ದೀಪಸ್ತಂಭದ ಬುಡದಲ್ಲಿ ಚಾದರ ಹಾಸಿ ಬಡಿಸಿದಳು. ಚಿಕ್ಕಪ್ಪ ಉಂಡು, ಶರಟು ಬಿಚ್ಚಿ ಮಡಚಿ ತಲೆಯಡಿ ಇಟ್ಟುಕೊಂಡು, ಕೀಲಿಯನ್ನು ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದರು. ಅವಳು ದೂರ ಹೋಗಿ ಬಂದರಿನ ವಾಚ್‌ಮನ್‌ಗೆ ಫೋನು ಮಾಡಿದಳು.

"ದೋಣಿ ಇದೆ ಅಕ್ಕಾ, ಅದೆಲ್ಲಿಗೆ ಹೋಗುತ್ತೆ," ಎಂದ ಅವನು. ಆಮೇಲೆ, "ನೀರಲ್ಲಿ ಸ್ವಲ್ಪ ಕೆಳಗೆ ಕೂತ್ಕೊಂಡ ಹಾಗೆ ಕಾಣುತ್ತೆ. ಸಾಮಾನು ಜಾಸ್ತಿ ತುಂಬಿದ್ದೀರಾ?"

ಒಳಗೆ ಹೋಗಿ ನೋಡು ಎನ್ನೋಣವೆಂದರೆ ಬಾಗಿಲಿಗೆ ಬೀಗ. ಬೀಗದ ಕೀಲಿ ಸ್ಕೂಟರಿನದರ ಜೊತೆ ಇಲ್ಲಿದೆ. ಅವಳು ಓಡಿಬಂದು ಚಿಕ್ಕಪ್ಪನ ಭುಜ ಅಲ್ಲಾಡಿಸಿದಳು. ಆ ವಾಚ್‌ಮನ್‌ಗೆ ಕಣ್ಣು ಕಾಣಿಸುವುದಿಲ್ಲ, ಬಿಸಿಲು ತಗ್ಗಲಿ ಹೋಗೋಣ ಎಂದು ಅವರು ಮಗ್ಗುಲಾದರು.

ಚಿಕ್ಕಮ್ಮ ಕೀಲಿ ಎತ್ತಿಕೊಂಡಳು.

ಮದುವೆಗೆ ಮುಂಚೆ ಹೊಲಿದ ಪರದೆಗಳನ್ನು ಮನೆಮನೆಗೆ ತಲುಪಿಸಲು ಅವಳು ಸ್ಕೂಟರ್ ಓಡಿಸುತ್ತಿದ್ದಳು. ಮದುವೆಯ ಮರುದಿನದಿಂದ ಹಿಂದಿನ ಸೀಟು. ಈಗ ಹ್ಯಾಂಡಲ್ ಹಿಡಿದ ಕೈ ಬೆವರಿ ಜಾರುತ್ತಿತ್ತು. ಪ್ರತಿ ತಿರುವಿನಲ್ಲೂ ಪ್ರಪಾತ ಅವಳ ಕಡೆಗೇ ವಾಲಿದಂತಿತ್ತು; ಬ್ರೇಕು ಹಿಡಿದರೆ ಜಾರುವ ಭಯ, ಬಿಟ್ಟರೆ ಹಾರುವ ಭಯ. ಎದುರಿಗೆ ಬಂದ ಲಾರಿಯವನು ಹಾರ್ನ್ ಒತ್ತಿದ್ದಕ್ಕೆ ಅವಳು ಕ್ಷಮಿಸಪ್ಪಾ ಎಂದಳು, ಗಾಳಿಗೆ.

ಕೊನೆಯ ತಿರುವಿನಲ್ಲಿ ಬಂದರು ಕಾಣಿಸಿತು. ಹಾಯಿಕಂಬಗಳೆಲ್ಲ ಅಲೆಗೆ ಲಘುವಾಗಿ ತೂಗುತ್ತಿದ್ದವು, ಒಂದನ್ನು ಬಿಟ್ಟು. ಅದು ಹೂತ ಕಂಬದಂತೆ ನಿಂತಿತ್ತು. ಅದು ಅವರದು. ದೋಣಿ ಅಲ್ಲಾಡಲಾರದಷ್ಟು ಭಾರವಾಗಿತ್ತು.

ಬೀಗ ತೆಗೆದು ಇಳಿದಾಗ ಕಾಲು ನೆಲಕ್ಕೆ ತಾಗುವ ಮೊದಲೇ ನೀರಿಗೆ ತಾಗಿತು. ಮೊಣಕಾಲಿನವರೆಗೆ ತಣ್ಣಗೆ. ಚಪ್ಪಲಿ, ಈರುಳ್ಳಿ, ಒಂದು ದಿಂಬು ಮೆಲ್ಲಗೆ ಸುತ್ತುತ್ತಿದ್ದವು. ಅವಳು ಗೂಡಿನ ಮುಂದೆ ಕುಕ್ಕರಿಸಿ ಗಲ್ಲ ನೀರಿಗೆ ತಾಗುವಂತೆ ಕೈ ಒಳಗೆ ಹಾಕಿದಳು. ಪೈಪು ಕಳಚಿ ತೇಲುತ್ತಿತ್ತು. ತೂತಿನಿಂದ ನುಗ್ಗುವ ನೀರು ಅಂಗೈಯನ್ನು ತಳ್ಳುತ್ತಿತ್ತು. ಹಿಡಿ ಸಿಕ್ಕಿತು, ತಿರುಗಲಿಲ್ಲ. ಮತ್ತೆ ಹಿಡಿದಳು, ಬೆರಳು ಜಾರಿತು. ಮೇಲೆ ತಡಕಾಡಿ ಲಟ್ಟಣಿಗೆ ಸಿಕ್ಕಿತು. ಅದನ್ನು ಹಿಡಿಯ ಸಂದಿಗೆ ಸಿಕ್ಕಿಸಿ ಮೈಯ ಭಾರವನ್ನೆಲ್ಲ ಹಾಕಿದಳು. ಕಿರ್ರೆಂದು ಹಿಡಿ ಅಡ್ಡವಾಯಿತು. ಅಂಗೈಯನ್ನು ತಳ್ಳುತ್ತಿದ್ದ ನೀರು ನಿಂತಿತು. ಅವಳು ಕೈ ತೆಗೆಯಲಿಲ್ಲ. ತೆಗೆದರೆ ಮತ್ತೆ ಬರುತ್ತದೇನೋ ಎಂದು ಎಷ್ಟೋ ಹೊತ್ತು ಹಾಗೇ ಕೂತಿದ್ದಳು.

ಚಿಕ್ಕಪ್ಪ ಹಾಲಿನ ವ್ಯಾನಿನಲ್ಲಿ ಬಂದಿಳಿದಾಗ ಸಂಜೆಯಾಗಿತ್ತು. ಮಡಚಿದ ಚಾದರ, ಖಾಲಿ ಡಬ್ಬಿಗಳನ್ನು ಜೀವನದಲ್ಲಿ ಮೊದಲ ಸಲ ಅವರೇ ಹೊತ್ತಿದ್ದರು. ಹೆಂಡತಿ ಗುಡ್ಡದ ಮೇಲೆ ಬಿಟ್ಟುಹೋದಳು ಎಂಬ ಹೊಸ ಕಥೆ ಆಗಲೇ ವ್ಯಾನಿನವನಿಗೆ ಹೇಳಿ ಮುಗಿದಿತ್ತು. ಜೆಟ್ಟಿಯ ಮೇಲೆ ಹರಡಿದ್ದ ಹಾಸಿಗೆ, ಒದ್ದೆ ಹಾಯಿಗಳು, ಬಿಸಿಲಿಗಿಟ್ಟ ಮಿಷನ್ನು ನೋಡಿ ಅವರು ಡಬ್ಬಿಗಳನ್ನು ಕೆಳಗಿಟ್ಟು ದೋಣಿಗಿಳಿದರು. ಒಳಗೆ ಚಿಕ್ಕಮ್ಮ ಪಂಪು ಹೊಡೆಯುತ್ತಿದ್ದಳು. ಅವಳು ಅದರ ಹಿಡಿಯನ್ನು ಅವರ ಕೈಗೆ ಕೊಟ್ಟಳು.

ನೀರು ಇಳಿದು ಹಲಗೆ ಕಂಡಾಗ ಚಿಕ್ಕಪ್ಪ ಕೇಳಿದರು. "ಆ ವಾಲ್ವ್ ಎಲ್ಲಿರೋದು?"

ಚಿಕ್ಕಮ್ಮ ಅವರ ಮುಖ ನೋಡಿದಳು. ಅದೇ ಪ್ರಶ್ನೆಯನ್ನು ಬೆಳಿಗ್ಗೆ ಕೇಳಿದ್ದರೆ ಸಾಕಿತ್ತು. ಎಷ್ಟು ಕಾಲದಿಂದ ಕೀಲಿ ಕೊಡು ಎಂದಾಗಲೆಲ್ಲ ಬಗ್ಗಿ ತೆಗೆದು ಅವರ ಕೈಗೆ ಕೊಟ್ಟವಳು ಅವಳು. ಅದು ನೇತಾಡುವ ಜಾಗವನ್ನು ಅವರು ನೋಡಿಯೇ ಇರಲಿಲ್ಲ. ಅವಳು ಗೂಡಿನ ಬಾಗಿಲು ತೆಗೆದಳು. ಚಿಕ್ಕಪ್ಪ ಮಂಡಿಯೂರಿ ತಲೆ ತೂರಿಸಿ ಟಾರ್ಚು ಬಿಟ್ಟರು.

"ಇಷ್ಟೇ ಇಷ್ಟು ತೂತಾ?"

"ಅಷ್ಟೇ."

ಚಿಕ್ಕಪ್ಪ ತಲೆ ಹೊರಗೆ ತೆಗೆದು ಮೆಲ್ಲಗೆ ಎದ್ದರು. ಅವರು ನೆಲದ ಮೇಲೆ ಕಾಲೂರಲೂ ಹಿಂಜರಿಯುವುದನ್ನು ಅವಳು ಕಂಡಳು.

ಮರುದಿನವೇ ಹೊಸ ಕ್ಲಿಪ್ಪು ಬಂತು. ಕೀಲಿ ಹಳೆಯ ಜಾಗಕ್ಕೇ ಹೋಯಿತು. ಆದರೆ ಚಿಕ್ಕಮ್ಮ ಅದನ್ನು ತೆಗೆದುಕೊಡುವುದನ್ನು ಬಿಟ್ಟಳು.

ಮುಂದಿನ ಸಲ ಸ್ಕೂಟರಿನಲ್ಲಿ ಹೊರಟಾಗ ಕೀಲಿ ತಂದವರು ಚಿಕ್ಕಪ್ಪ. ಬಂದರಿನ ಗೇಟು ದಾಟಿ ಮೊದಲ ತಿರುವಿನಲ್ಲೇ ಗಾಡಿ ನಿಧಾನವಾಯಿತು, ನಿಂತಿತು.

"ಏ, ನಾನು ಮುಚ್ಚಿದೆ ಅಲ್ವಾ?"

ಚಿಕ್ಕಮ್ಮನಿಗೆ ಆ ದನಿ ಗೊತ್ತಿತ್ತು. ಅದು ಸ್ಟವ್ವಿನ ಕಥೆಯಲ್ಲಿ ಅವರು ನಟಿಸುತ್ತಿದ್ದ ಅವಳದೇ ದನಿ. ಮುಚ್ಚಿದ್ದೀರಿ ಎನ್ನಲು ಅವಳು ನೋಡಿರಲಿಲ್ಲ. ಅವಳು ಇಳಿದು ಮರದ ನೆರಳಿಗೆ ಹೋಗಿ ನಿಂತಳು.

"ನೋಡ್ಕೊಂಡು ಬನ್ನಿ," ಎಂದಳು.

ಚಿಕ್ಕಪ್ಪ ಗಾಡಿ ತಿರುಗಿಸಿದರು.